ಸುರಿನ್‌ನ ಶಾಲೆಗೆ ಹೊರಡುವ ಮುನ್ನ

ಪ್ರಶ್ನೆ: ಮೇಡಂ, ನಮ್ಮದು ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳಿ. ಏಳನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿ, ಮುಂದೆ ಹಾಸನದಲ್ಲಿ ಬಿ.ಎ., ಬಿ.ಎಡ್. ಮುಗಿಸಿದೆ. ಈಗ ಅತಿಥಿ ಶಿಕ್ಷಕಿ. ಥಾಯ್ಲೆಂಡಿನ ಸುರಿನ್ ಪ್ರಾಂತ್ಯದ ಸಣ್ಣ ಊರೊಂದರಲ್ಲಿ ಇಂಗ್ಲಿಷ್ ಕಲಿಸುವ ಕೆಲಸವಿದೆ ಎಂದು ಏಜೆಂಟರೊಬ್ಬರು ಹೇಳಿದ್ದಾರೆ. ಮೊದಲು ಪ್ರವಾಸಿಯಾಗಿ ಹೋಗಿ, ಉಳಿದದ್ದನ್ನು ಅಲ್ಲೇ ನೋಡಿಕೊಳ್ಳೋಣ ಎನ್ನುತ್ತಾರೆ. ನನ್ನ ಇಂಗ್ಲಿಷ್ ಉಚ್ಚಾರಣೆ ನಮ್ಮ ಕಡೆಯದೇ. ಅದನ್ನು ತಿದ್ದಿಕೊಳ್ಳಲು ಬೆಂಗಳೂರಿನಲ್ಲಿ ಕೋರ್ಸ್ ಸೇರಬೇಕೇ? ಇನ್ನೇನು ಸಿದ್ಧತೆ ಬೇಕು?

ಉತ್ತರ: ನಾನು ಕಲಿಸಿದ್ದೂ ಸುರಿನ್ ಪ್ರಾಂತ್ಯದಲ್ಲೇ, ಭತ್ತದ ಗದ್ದೆಗಳ ನಡುವಿನ ಒಂದು ಊರಿನಲ್ಲಿ. ಹಾಗಾಗಿ ನಿಮ್ಮ ಕಾಗದವನ್ನು ಎರಡೆರಡು ಸಲ ಓದಿದೆ. ಮೊದಲು ಪ್ರವಾಸಿಯಾಗಿ ಹೋಗುವ ಮಾತು. ಅದಕ್ಕೆ ಖಂಡಿತ ಒಪ್ಪಬೇಡಿ. ಅಲ್ಲಿ ಹೋದ ಮೇಲೆ ವೀಸಾ ಬದಲಾಯಿಸಿಕೊಳ್ಳುವ ದಾರಿಯೇ ಇಲ್ಲವೆಂದಲ್ಲ. ಆದರೆ ಕೆಲಸದ ಪರವಾನಗಿ ಕೈಗೆ ಬರುವವರೆಗೆ ತರಗತಿಯಲ್ಲಿ ನಿಂತು ಪಾಠ ಮಾಡುವುದು ಅಲ್ಲಿನ ಕಾನೂನಿನ ಪ್ರಕಾರ ಅಪರಾಧ. ಸಿಕ್ಕಿಬಿದ್ದರೆ 5,000ದಿಂದ 50,000 ಬಾತ್ ದಂಡ ಕಟ್ಟಿ ದೇಶ ಬಿಡಬೇಕಾಗುತ್ತದೆ. ಆಗ ಆ ಏಜೆಂಟರು ನಿಮ್ಮ ಫೋನ್ ಎತ್ತುತ್ತಾರೆಂಬ ಭರವಸೆ ನನಗಿಲ್ಲ. ಇದಕ್ಕಿಂತ ದೊಡ್ಡ ಅಪಾಯವೂ ಇದೆ. ಥಾಯ್ಲೆಂಡಿನಲ್ಲಿ ಕೆಲಸವೆಂದು ನಂಬಿಸಿ ನಮ್ಮ ಯುವಕ ಯುವತಿಯರನ್ನು ಗಡಿಯಾಚೆ ಮ್ಯಾನ್ಮಾರ್‌ನ ಮ್ಯಾವಡಿಗೆ ಸಾಗಿಸಿ, ಸೈಬರ್ ವಂಚನೆಯ ಕೆಲಸಕ್ಕೆ ದೂಡಿದ ಪ್ರಕರಣಗಳು ನಡೆದಿವೆ. ನಮ್ಮ ವಿದೇಶಾಂಗ ಸಚಿವಾಲಯ 2022ರಿಂದ ಈ ಬಗ್ಗೆ ಎಚ್ಚರಿಸುತ್ತಲೇ ಬಂದಿದೆ.

ಸರಿಯಾದ ದಾರಿ ಇದು. ಶಾಲೆಯೇ ನಿಮ್ಮ ಹೆಸರಿಗೆ ನೇಮಕಾತಿ ಪತ್ರ ಮತ್ತು ತನ್ನ ದಾಖಲೆಗಳನ್ನು ಕಳುಹಿಸಬೇಕು. ಅವುಗಳ ಆಧಾರದ ಮೇಲೆ ನೀವು ಇಲ್ಲಿಂದಲೇ ಕೆಲಸಕ್ಕೆ ಹೋಗುವವರ ‘ನಾನ್-ಇಮಿಗ್ರೆಂಟ್ ಬಿ’ ವೀಸಾ ಪಡೆದು ಹೋಗಬೇಕು. ಹೋದ ಮೇಲೆ ಕೆಲಸದ ಪರವಾನಗಿ ಮತ್ತು ಅಲ್ಲಿನ ಶಿಕ್ಷಕರ ಮಂಡಳಿಯಾದ ಖುರುಸಫಾದ ಅನುಮತಿಗೆ ಶಾಲೆ ಅರ್ಜಿ ಹಾಕುತ್ತದೆ. ಬರೀ ಪದವಿ ಇದ್ದವರಿಗೆ ಈ ಅನುಮತಿ ತಲೆನೋವು. ನಿಮ್ಮ ಬಿ.ಎಡ್. ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ. ಏಜೆಂಟರ ಹೆಸರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿದೆಯೇ ನೋಡಿ. ನೋಂದಾಯಿತ ಏಜೆಂಟರು ಸೇವಾ ಶುಲ್ಕವಾಗಿ ಪಡೆಯಬಹುದಾದ ಗರಿಷ್ಠ ಮೊತ್ತ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಒಂದೂವರೆ ಲಕ್ಷ ಕೇಳಿದರೆ ಅಲ್ಲಿಗೆ ಮಾತು ಮುಗಿಸಿ. ಶಾಲೆಗೆ ನೀವೇ ಫೋನ್ ಮಾಡಿ, ಇಂಗ್ಲಿಷ್ ವಿಭಾಗದ ಮುಖ್ಯಸ್ಥರ ಜೊತೆ ವಿಡಿಯೊದಲ್ಲಿ ಮಾತನಾಡಿ. ನಿಜವಾದ ಶಾಲೆಗೆ ಅದರಿಂದ ಬೇಸರವಾಗುವುದಿಲ್ಲ.

ಇನ್ನು ಕಾಗದಪತ್ರ. ನಮ್ಮ ಕಡೆ ಪದವಿ ಮುಗಿಸಿದವರಲ್ಲಿ ಬಹಳ ಮಂದಿಯ ಹತ್ತಿರ ಅಂಕಪಟ್ಟಿ ಮತ್ತು ತಾತ್ಕಾಲಿಕ ಪ್ರಮಾಣಪತ್ರ ಮಾತ್ರ ಇರುತ್ತವೆ, ಘಟಿಕೋತ್ಸವದ ಮೂಲ ಪ್ರಮಾಣಪತ್ರ ವಿಶ್ವವಿದ್ಯಾಲಯದಲ್ಲೇ ಉಳಿದಿರುತ್ತದೆ. ಈ ವಾರವೇ ಅರ್ಜಿ ಹಾಕಿ ಅದನ್ನು ತರಿಸಿಕೊಳ್ಳಿ. ದೃಢೀಕರಣದ ಮೊಹರು ಬೀಳುವುದು ಅದರ ಮೇಲೆಯೇ. ಮೊದಲು ರಾಜ್ಯ ಸರ್ಕಾರದ್ದು, ಆಮೇಲೆ ವಿದೇಶಾಂಗ ಸಚಿವಾಲಯದ್ದು, ಕೊನೆಗೆ ಥಾಯ್ ರಾಯಭಾರ ಕಚೇರಿಯದು. ಹೆಸರಿನ ವಿಷಯವನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಪೂರ್ಣ ಹೆಸರು, ಪದವಿಯಲ್ಲಿ ಊರಿನ ಹೆಸರೂ ಸೇರಿ ಮೂರನೆಯ ರೂಪ. ನಮಗೆ ಇದೆಲ್ಲ ಒಬ್ಬರೇ ಎಂದು ಗೊತ್ತಾಗುತ್ತದೆ, ಅಲ್ಲಿನ ಗುಮಾಸ್ತರಿಗೆ ಗೊತ್ತಾಗುವುದಿಲ್ಲ. ಪಾಸ್‌ಪೋರ್ಟ್‌ಗೂ ಪೊಲೀಸ್ ಕ್ಲಿಯರೆನ್ಸ್‌ಗೂ ಅರ್ಜಿ ಹಾಕುವ ಮೊದಲೇ ಇದನ್ನು ಸರಿಪಡಿಸಿಕೊಳ್ಳಿ. ಟೋಯಿಕ್ ಅಥವಾ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕವನ್ನು ಶಾಲೆ ಕೇಳಬಹುದು, ಪರೀಕ್ಷೆ ಬರೆದಿಟ್ಟುಕೊಂಡರೆ ಒಳ್ಳೆಯದು. ಅಲ್ಲಿ ಶಾಲೆಗಳು ತೆರೆಯುವುದು ಮೇ ಮಧ್ಯದಲ್ಲಿ. ಅದನ್ನು ಲೆಕ್ಕ ಹಾಕಿ ಈಗಲೇ ಓಡಾಟ ಶುರು ಮಾಡಿ.

ಉಚ್ಚಾರಣೆಯ ಕೋರ್ಸ್ ಬೇಡ. ಆ ಹಣದಲ್ಲಿ ಟೋಯಿಕ್ ಬರೆಯಿರಿ. ಸುರಿನ್‌ನ ಎಷ್ಟೋ ಮನೆಗಳಲ್ಲಿ ಖಮೇರ್ ಮಾತನಾಡುತ್ತಾರೆ, ಕೆಲವು ಹಳ್ಳಿಗಳಲ್ಲಿ ಕುಯಿ ಅಥವಾ ಲಾವೋ. ಥಾಯ್ ಶಾಲೆಯ ಭಾಷೆ. ಆ ಮಕ್ಕಳಿಗೆ ಇಂಗ್ಲಿಷ್ ಮೂರನೆಯದು. ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು, ಪುಸ್ತಕದಲ್ಲಿ ಇನ್ನೊಂದು ಭಾಷೆ ಇರುವ ಮಗು ಎಲ್ಲಿ ತಡವರಿಸುತ್ತದೆ ಎಂಬುದನ್ನು ತೋಟದ ಲೈನ್ ಮನೆಗಳಿಂದ ಬರುವ ಮಕ್ಕಳಿಗೆ ಕಲಿಸಿದ ನಿಮಗಿಂತ ಚೆನ್ನಾಗಿ ಬಲ್ಲವರು ಯಾರು? ಹುಟ್ಟಿನಿಂದ ಇಂಗ್ಲಿಷ್ ಆಡಿದವರಿಗೆ ಅದು ಕಾಣುವುದೇ ಇಲ್ಲ. ನಮ್ಮ ಮಕ್ಕಳು ‘ಬಸ್ಸು’, ‘ಬುಕ್ಕು’ ಎಂದು ಕೊನೆಗೊಂದು ಸ್ವರ ಸೇರಿಸುತ್ತಾರೆ. ಅಲ್ಲಿನವರು ಕೊನೆಯ ವ್ಯಂಜನವನ್ನೇ ಬದಲಿಸುತ್ತಾರೆ: ‘ಬಸ್’ ಎಂಬುದು ‘ಬಟ್’ ಆಗುತ್ತದೆ, ‘ಫುಟ್‌ಬಾಲ್’ ಎಂಬುದು ‘ಫುಟ್‌ಬಾನ್’. ಥಾಯ್ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ. ಆದ್ದರಿಂದ ನಿನ್ನೆಯ ಸಂಗತಿಯನ್ನೂ ವರ್ತಮಾನದಲ್ಲೇ ಹೇಳುತ್ತಾರೆ. ನೀವು ತಯಾರಿ ನಡೆಸಬೇಕಾದದ್ದು ಇಂಥ ಕಡೆ.

ಮೊದಲ ವಾರದ ಪಾಠಕ್ಕೆ ಆನೆಯ ಚಿತ್ರಗಳನ್ನು ತೆಗೆದುಕೊಂಡು ಹೋಗಿ. ಸುರಿನ್ ಆನೆಗಳ ನಾಡು. ಕುಯಿ ಜನ ತಲೆತಲಾಂತರದಿಂದ ಆನೆ ಸಾಕುತ್ತಾರೆ, ನವೆಂಬರ್‌ನಲ್ಲಿ ದೊಡ್ಡ ಆನೆ ಹಬ್ಬವೇ ನಡೆಯುತ್ತದೆ. ನಮ್ಮಲ್ಲಿ ಕಾಡಾನೆ ಕಾಫಿ ತೋಟಕ್ಕೆ ನುಗ್ಗುತ್ತದೆ, ಶಾಲೆಗೆ ಹೋಗುವ ಮಕ್ಕಳು ದಾರಿಯಲ್ಲಿ ಹೆದರುತ್ತಾರೆ ಎಂದರೆ ಆ ಮಕ್ಕಳಿಗೆ ನಂಬಲಾಗುವುದಿಲ್ಲ. ಹಿಂದಿನ ಬೆಂಚಿನ ನಾಚಿಕೆಯ ಹುಡುಗನೂ ಎದ್ದು ಏನೋ ಕೇಳುತ್ತಾನೆ. 2012ರಿಂದ 2019ರವರೆಗೆ ಮೈಸೂರು ದಸರಾದಲ್ಲಿ ಅಂಬಾರಿ ಹೊತ್ತ ಆನೆ ಅರ್ಜುನ, 2023ರ ಡಿಸೆಂಬರ್‌ನಲ್ಲಿ ನಿಮ್ಮದೇ ತಾಲ್ಲೂಕಿನ ಯಸಳೂರು ಭಾಗದಲ್ಲಿ ಕಾಡಾನೆ ಸೆರೆ ಕಾರ್ಯಾಚರಣೆಯ ವೇಳೆ ಸತ್ತ ಸಂಗತಿಯನ್ನು ಸಣ್ಣ ಸಣ್ಣ ವಾಕ್ಯಗಳಲ್ಲಿ ಬರೆದುಕೊಳ್ಳಿ. ಭೂತಕಾಲ ಕಲಿಸಲು ಅದಕ್ಕಿಂತ ಒಳ್ಳೆಯ ಪಾಠ ನನಗೆ ತೋಚುತ್ತಿಲ್ಲ.

ನಡವಳಿಕೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಹಾಸನದವರಿಗೆ ಬಹುಪಾಲು ಗೊತ್ತಿರುವುದೇ. ಚಪ್ಪಲಿ ಹೊರಗೆ ಬಿಡಬೇಕು, ಕಾಲು ಚಾಚಬಾರದು. ಆದರೆ ಪ್ರೀತಿಗೆಂದು ಮಗುವಿನ ತಲೆ ಸವರಬೇಡಿ, ಅಲ್ಲಿ ತಲೆ ಮುಟ್ಟುವುದು ಸಲ್ಲದು. ರಾಜಮನೆತನದ ಬಗ್ಗೆ ತಮಾಷೆಗೂ ಹಗುರ ಮಾತು ಬೇಡ. ಮೂರರಿಂದ ಹದಿನೈದು ವರ್ಷ ಜೈಲಿಗೆ ಕಳುಹಿಸುವ ಕಾನೂನಿದೆ. ಸಾಮಾನ್ಯವಾಗಿ ಜೂನ್ ತಿಂಗಳ ಒಂದು ಗುರುವಾರ ‘ವಾಯ್ ಖ್ರು’ ಎಂಬ ಗುರುವಂದನೆ ನಡೆಯುತ್ತದೆ. ಮಕ್ಕಳು ಮಂಡಿಯೂರಿ ಬಂದು ಶಿಕ್ಷಕರಿಗೆ ಹೂವಿನ ತಟ್ಟೆ ಕೊಡುತ್ತಾರೆ. ಸಂಪ್ರದಾಯದಂತೆ ಅದರಲ್ಲಿ ಇರುವುದು ಕೇಪಳದ ಹೂ, ಗರಿಕೆ ಮತ್ತು ಬದನೆಯ ಹೂ. ಬುದ್ಧಿ ಚುರುಕಾಗಲಿ ಎಂದು ಕೇಪಳ, ಕಲಿಕೆ ಹಬ್ಬಲಿ ಎಂದು ಗರಿಕೆ, ವಿನಯ ಇರಲಿ ಎಂದು ತಲೆ ಬಾಗಿದ ಬದನೆ ಹೂ. ನಿಮ್ಮ ಸರದಿ ಬಂದಾಗ ಎರಡೂ ಕೈಯಿಂದ ತೆಗೆದುಕೊಳ್ಳಿ.

ಪ್ರಶ್ನೆ: ಬೇಲೂರಿನಿಂದ ಒಬ್ಬ ತಾಯಿ. ಮಗ ಥಾಯ್ಲೆಂಡಿನ ಬುರಿರಾಮ್‌ಗೆ ಶಿಕ್ಷಕನಾಗಿ ಹೋಗುತ್ತಿದ್ದಾನೆ. ಮೊಟ್ಟೆಯನ್ನೂ ತಿನ್ನುವವನಲ್ಲ. ಊಟಕ್ಕೇನು ಗತಿ?

ಉತ್ತರ: ಅಮ್ಮಾ, ಹೊಟ್ಟೆಗೆ ಕಷ್ಟವಾಗುವುದಿಲ್ಲ, ಆದರೆ ಅವನೇ ಅಡುಗೆ ಕಲಿತು ಹೋಗಲಿ. ಆ ಸೀಮೆಯಲ್ಲಿ ಅಂಟಕ್ಕಿ ಅನ್ನ, ಹಣ್ಣು, ಸೊಪ್ಪು ಧಾರಾಳ. ತೊಂದರೆ ಇರುವುದು ಮೀನಿನ ಸಾಸ್‌ನಲ್ಲಿ. ಪಪ್ಪಾಯದ ಕೋಸಂಬರಿಗೂ ಅದನ್ನು ಹಾಕುತ್ತಾರೆ. ‘ಜೇ’ ಎಂದು ಕೇಳಲು ಹೇಳಿ. ಅದು ಮಾಂಸ, ಮೊಟ್ಟೆ, ಹಾಲು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲದ ಅಡುಗೆ. ಹಳದಿ ಬಣ್ಣದ ಮೇಲೆ ಕೆಂಪು ಅಕ್ಷರದ ಫಲಕ ಇರುತ್ತದೆ. ಸಣ್ಣ ಊರಿನಲ್ಲಿ ತೊಗರಿಬೇಳೆ ಸಿಗುವುದು ಕಷ್ಟ. ಬೇಳೆ, ಹುಳಿಪುಡಿ, ಸಣ್ಣ ಕುಕ್ಕರ್ ಪೆಟ್ಟಿಗೆಯಲ್ಲಿರಲಿ.

ಪ್ರಶ್ನೆ: ಅರಸೀಕೆರೆಯ ಯುವಕ. ಹತ್ತನೆಯವರೆಗೆ ಕನ್ನಡ ಮಾಧ್ಯಮ. ಜಪಾನಿನ ಹಳ್ಳಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸಬಹುದೇ?

ಉತ್ತರ: ಜಪಾನಿನ ಶಾಲೆಗಳಲ್ಲಿ ವಿದೇಶಿ ಭಾಷೆ ಕಲಿಸುವವರಿಗೆ ಕೊಡುವ ಶಿಕ್ಷಕರ ವೀಸಾಕ್ಕೆ, ಆ ಭಾಷೆಯ ಮಾಧ್ಯಮದಲ್ಲೇ 12 ವರ್ಷ ಓದಿರಬೇಕೆಂಬ ನಿಯಮವಿದೆ. ಪದವಿಪೂರ್ವದಿಂದ ಲೆಕ್ಕ ಹಾಕಿದರೆ ನಿಮಗೆ ಅಷ್ಟು ವರ್ಷ ಆಗುವುದಿಲ್ಲ. ಇದು ಅನ್ಯಾಯವೆಂದೇ ನನಗನಿಸುತ್ತದೆ, ಆದರೂ ನಿಯಮ ಹಾಗಿದೆ. ಭಾರತದೊಂದಿಗೆ 2010ರಲ್ಲಿ ಜಾರಿಗೆ ಬಂದ ಆರ್ಥಿಕ ಒಪ್ಪಂದದಡಿ ದಕ್ಷಿಣ ಕೊರಿಯಾ ಇಂಗ್ಲಿಷ್ ಸಹಾಯಕ ಶಿಕ್ಷಕರಿಗೆ ಅವಕಾಶವಿಟ್ಟಿದೆ, ಆದರೆ ಅದಕ್ಕೆ ಶಿಕ್ಷಕ ತರಬೇತಿಯ ಅರ್ಹತೆ ಬೇಕು. ಇಂಗ್ಲಿಷ್ ಬೋಧನೆಯನ್ನು ಆರಿಸಿಕೊಂಡು ಬಿ.ಎಡ್.ಗೆ ಸೇರಿ. ಕೊರಿಯಾ ಆಗದಿದ್ದರೂ ಥಾಯ್ಲೆಂಡಿಗೆ ಅದು ಬೇಕು, ಇಲ್ಲೇ ಉಳಿದರೂ ಬೇಕು.