ಐಎಲ್-6ರ ಕೆಂಪು ಗುರುತಿಗಿಂತ ಬಿಆರ್‌ಸಿಎ ಸಾಲನ್ನು ಮೊದಲು ನೋಡಿ

ಎರಡು ಬೇರೆ ಬಗೆಯ ವಂಶವಾಹಿಗಳನ್ನು ಒಂದೇ ಪಟ್ಟಿಯಲ್ಲಿ ಅಚ್ಚು ಮಾಡಿರುವುದೇ ಬಹುಶಃ ನಿಮ್ಮ ಗಾಬರಿಗೆ ಕಾರಣ. ಅಂಡಾಶಯದ ಕ್ಯಾನ್ಸರ್ ಇರುವ ನಿಮ್ಮ ತಾಯಿಯವರ ವಂಶವಾಹಿ ಪರೀಕ್ಷೆಯ ವರದಿಯಲ್ಲಿ ಐಎಲ್-6ರ ಎದುರು ಕೆಂಪು ಗುರುತಿದೆ, ಇದರಿಂದ ಆಯುಸ್ಸು ಕಡಿಮೆಯಾಗುತ್ತದೆಯೇ ಎಂದು ಕೇಳಿದ್ದೀರಿ. ಐಎಲ್-6 ಉರಿಯೂತಕ್ಕೂ ರೋಗನಿರೋಧಕ ವ್ಯವಸ್ಥೆಗೂ ಸಂಬಂಧಿಸಿದ ವಂಶವಾಹಿ. ಗೆಡ್ಡೆಯೊಳಗೆ ರೋಗನಿರೋಧಕ ಟಿ ಜೀವಕೋಶಗಳು ಹೊಕ್ಕಿರುವ ರೋಗಿಗಳು ಸಾಮಾನ್ಯವಾಗಿ ಹೆಚ್ಚು ಕಾಲ ಬದುಕುತ್ತಾರೆಂದು 2003ರಲ್ಲೇ ತೋರಿಸಲಾಗಿರುವುದರಿಂದ ಇಂತಹ ವಂಶವಾಹಿಗಳತ್ತ ಸಂಶೋಧಕರ ಗಮನ ಹರಿದಿದೆ; ಆದರೆ ಹುಟ್ಟಿನಿಂದ ಬಂದ ಒಂದೊಂದು ವ್ಯತ್ಯಾಸದ ಪರಿಣಾಮ ಬಹಳ ಸಣ್ಣದು, ಒಂದು ಅಧ್ಯಯನದಲ್ಲಿ ಕಂಡದ್ದು ಮತ್ತೊಂದರಲ್ಲಿ ಕಾಣದಿರುವುದೂ ಉಂಟು, ಅದನ್ನು ಆಧರಿಸಿ ಚಿಕಿತ್ಸೆ ನಿರ್ಧರಿಸುವ ರೂಢಿಯಿಲ್ಲ. ನನ್ನ ಚಿಕ್ಕಮ್ಮನ ವರದಿಯಲ್ಲೂ ಇಂಥದೇ ಸಾಲಿತ್ತು. ವಾರವಿಡೀ ಅದನ್ನೇ ಓದುತ್ತ ಕುಳಿತದ್ದು ವ್ಯರ್ಥವಾಯಿತು.

ಮೊದಲು ಇನ್ನೊಂದು ಬಗೆಯ, ಅಂದರೆ ಡಿಎನ್‌ಎಗಾದ ಹಾನಿಯನ್ನು ಸರಿಪಡಿಸುವ ವಂಶವಾಹಿಗಳಾದ ಬಿಆರ್‌ಸಿಎ1 ಮತ್ತು ಬಿಆರ್‌ಸಿಎ2 ಸಾಲುಗಳನ್ನು ಹುಡುಕಿ. ಅಲ್ಲಿ ‘ರೋಗಕಾರಕ’ ಎಂಬರ್ಥದ ಪದವಿದ್ದರೆ ಪ್ಲಾಟಿನಂ ಇರುವ ಕೀಮೋ ಔಷಧಿಗಳಿಗೆ ಕಾಯಿಲೆ ಸಾಮಾನ್ಯವಾಗಿ ಚೆನ್ನಾಗಿ ಬಗ್ಗುತ್ತದೆ; ಆಮೇಲೆ ಕಾಯಿಲೆ ಮರುಕಳಿಸುವುದನ್ನು ತಡವಾಗಿಸುವ ಒಲಾಪರಿಬ್‌ನಂತಹ ಮಾತ್ರೆ ಕೊಡಬಹುದೇ ಎಂದು ವೈದ್ಯರನ್ನು ಕೇಳಿ, ಮತ್ತು ಆ ದೋಷ ತಾಯಿಗೆ ಹುಟ್ಟಿನಿಂದ ಬಂದದ್ದಾದರೆ ನಿಮಗೂ ಬಂದಿರುವ ಸಾಧ್ಯತೆ ಶೇ 50 ಇರುವುದರಿಂದ ನೀವೂ ಪರೀಕ್ಷೆ ಮಾಡಿಸಿಕೊಳ್ಳಿ. ಆ ಸಾಲುಗಳೇ ಇಲ್ಲದಿದ್ದರೆ ಪರೀಕ್ಷೆ ಬರೆಸಿಕೊಳ್ಳಿ. ನಂತರ ಕಾಯಿಲೆಯ ಹಂತ ಯಾವುದು, ಶಸ್ತ್ರಚಿಕಿತ್ಸೆಯ ಬಳಿಕ ಗೆಡ್ಡೆ ಎಷ್ಟು ಉಳಿದಿದೆ ಎಂಬುದನ್ನು ಕೇಳಿ. ಆಯುಸ್ಸಿನ ಪ್ರಶ್ನೆಗೆ ಇವೆರಡರ ತೂಕವೇ ಹೆಚ್ಚು.

ವಿರಾಜಪೇಟೆಯಿಂದ ಮೈಸೂರಿಗೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೊರಡುವ ಮೊದಲು, ಶಸ್ತ್ರಚಿಕಿತ್ಸೆ ನಡೆದ ಆಸ್ಪತ್ರೆಯಿಂದ ಮುಂದಿನ ಪರೀಕ್ಷೆಗೆ ಬೇಕಾಗಬಹುದಾದ, ಗೆಡ್ಡೆಯ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟ ಬ್ಲಾಕನ್ನು ಸಹಿ ಮಾಡಿ ಪಡೆದುಕೊಳ್ಳಿ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಅದನ್ನು, ನಮ್ಮೂರಿನ ಚಳಿಯನ್ನು ನಂಬಿ, ಹುಣಸೂರು ದಾಟಿದ ಮೇಲೆ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಹೋಗಬೇಡಿ, ಮೇಣ ಮೆದುವಾಗುತ್ತದೆ.