ಸೀಸ ಹೊಗೆಯಲ್ಲಿಲ್ಲ, ಕೈಯಲ್ಲಿದೆ

ಪ್ರಶ್ನೆ: ಎಫ್‌ಎಂ ರೇಡಿಯೊ ಕಿಟ್ ತರಿಸಿದ್ದೇನೆ. ಬಿಡಿಭಾಗಗಳು ಎಳ್ಳಿಗಿಂತ ಚಿಕ್ಕವು, ಡಬ್ಬಿ ಮೇಲೆ 0805 ಅಂತಿದೆ. ಕೈಯಲ್ಲೇ ಬೆಸೆಯಬಹುದೇ? ಮನೆಯಲ್ಲಿ ಎರಡು ವರ್ಷದ ಮೊಮ್ಮಗಳಿದ್ದಾಳೆ, ಸೀಸದ ಹೊಗೆಯ ಭಯ. - ಓದುಗರು, ಹಾಸನ

ಉತ್ತರ: ಧಾರಾಳವಾಗಿ ಬೆಸೆಯಬಹುದು. 0805 ಅಂದರೆ 2 ಮಿ.ಮೀ. ಉದ್ದ, 1.25 ಮಿ.ಮೀ. ಅಗಲ. ಕಲಿಯುವವರಿಗೆ ಒಳ್ಳೆಯ ಅಳತೆ.

ಮೊದಲು ಭಯದ ಮಾತು. ಬೆಸೆಯುವಾಗ ಏಳುವ ಆ ಬಿಳಿ ಹೊಗೆ ಸೀಸದ್ದಲ್ಲ, ಫ್ಲಕ್ಸ್‌ನದು, ಅಂದರೆ ಬೆಸುಗೆ ಚೆನ್ನಾಗಿ ಹಿಡಿಯಲು ಬಳಸುವ ರಾಳದ್ದು. ಸೀಸ ಕುದಿಯಲು 1,700 ಡಿಗ್ರಿ ಸೆಲ್ಸಿಯಸ್ ದಾಟಬೇಕು, ನಿಮ್ಮ ಬೆಸುಗೆ ಐರನ್ ಇರುವುದು 330ರ ಆಸುಪಾಸು. ಹಾಗಂತ ಫ್ಲಕ್ಸ್ ಹೊಗೆ ಸಾಧು ಅಲ್ಲ, ರಾಳದ ಹೊಗೆಯಿಂದ ಅಸ್ತಮಾ ಬರಬಹುದು. ಹಳೇ ಕಂಪ್ಯೂಟರಿನ ಫ್ಯಾನ್ ಒಂದನ್ನು ಪಕ್ಕದಲ್ಲಿಟ್ಟು ಹೊಗೆಯನ್ನು ಕಿಟಕಿ ಕಡೆ ಎಳೆಸಿ.

ಸೀಸ ಒಳಗೆ ಹೋಗುವುದು ಕೈಯಿಂದ ಬಾಯಿಗೆ. ನಾನು ರೇಡಿಯೊ ರಿಪೇರಿ ಕಲಿಯುವಾಗ ಎರಡು ಕೈ ಸಾಲದೆ ಸೋಲ್ಡರ್ (ಬೆಸುಗೆ ಲೋಹದ) ತಂತಿಯನ್ನು ಹಲ್ಲಲ್ಲಿ ಕಚ್ಚಿಕೊಳ್ಳುತ್ತಿದ್ದೆ. ಅದೇ ಕೈಯಲ್ಲಿ ಮಂಡಕ್ಕಿ ಬೇರೆ! ನೀವು ಹಾಗೆ ಮಾಡಬೇಡಿ. ಕೆಲಸ ಮುಗಿಸಿ ಎದ್ದ ತಕ್ಷಣ ಸೋಪು ಹಾಕಿ ಕೈ ತೊಳೆಯಿರಿ. ಅಡುಗೆಮನೆ ಕಟ್ಟೆ ಬೇಡವೇ ಬೇಡ. ಮಗು ನೆಲದಲ್ಲಿ ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತದೆ ಅಲ್ವಾ? ಹಾಗಾಗಿ ನಿಮಗೆ ಸೀಸವಿಲ್ಲದ ತಂತಿಯೇ ಸರಿ. ಅದು ಸೀಸದ ತಂತಿಯಂತೆ 183ಕ್ಕಲ್ಲ, ಸುಮಾರು 217 ಡಿಗ್ರಿಗೆ ಕರಗುತ್ತದೆ, ಸ್ವಲ್ಪ ಮೊಂಡು. ಐರನ್ 360ಕ್ಕೆ ಏರಿಸಿಕೊಳ್ಳಿ. ಮೂರು ಪಿನ್ನಿನ ಪ್ಲಗ್, ಭಾರದ ಸ್ಟ್ಯಾಂಡ್ ಇರಲಿ. ಜಾರಿ ಬಿದ್ದರೆ ಬೀಳಲಿ, ಹಿಡಿಯೋಕೆ ಹೋಗಬೇಡಿ. ನನ್ನ ಹೆಬ್ಬೆರಳ ಕಲೆ ಹಾಗೆ ಬಂದದ್ದು. ಸುಟ್ಟರೆ 20 ನಿಮಿಷ ನಲ್ಲಿ ನೀರಿನ ಕೆಳಗೆ, ಟೂತ್‌ಪೇಸ್ಟ್ ಅಲ್ಲ.

ಈಗ ಕೆಲಸ. ಬಿಡಿಭಾಗ ಕೂರುವ ಬೋರ್ಡಿನ ಎರಡು ಪ್ಯಾಡಿಗೂ (ಲೋಹದ ಚುಕ್ಕೆಗಳಿಗೂ) ಫ್ಲಕ್ಸ್ ಸವರಿ, ಒಂದಕ್ಕೆ ಮಾತ್ರ ಚೂರು ಸೋಲ್ಡರ್ ಹಾಕಿ. ಮಣಿಕಟ್ಟು ಮೇಜಿನ ಮೇಲೆ ಊರಿ, ಚಿಮುಟದಲ್ಲಿ ಬಿಡಿಭಾಗ ಹಿಡಿಯಿರಿ. ಆ ಸೋಲ್ಡರನ್ನು ಕರಗಿಸಿ, ಭಾಗವನ್ನು ಪಕ್ಕದಿಂದ ಅದರೊಳಕ್ಕೆ ಜಾರಿಸಿ. ಐರನ್ ಎತ್ತಿದ ಮೇಲೂ ಎರಡು ಎಣಿಸುವವರೆಗೆ ಅಲುಗಾಡಿಸಬೇಡಿ. ಆಮೇಲೆ ಇನ್ನೊಂದು ತುದಿ. ಚಿಮುಟ ಜಾಸ್ತಿ ಒತ್ತಿದರೆ ಭಾಗ ಚಂಗನೆ ಹಾರುತ್ತದೆ. ಸ್ವೀಟ್ ಬಾಕ್ಸಿನ ಬಿಳಿ ಮುಚ್ಚಳದಲ್ಲೇ ಕೆಲಸ ಮಾಡಿ, ಹುಡುಕೋದು ಸುಲಭ. ಆ ಮುಚ್ಚಳ ಮತ್ತೆ ಮೈಸೂರು ಪಾಕಿಗೆ ಮಾತ್ರ ಬೇಡ.