ವಾರಂಟ್ ವಿಷಯ ಬಿಡಿ, ಮಹಜರಿನ (ಪೊಲೀಸರು ಏನೇನು ಒಯ್ದರು ಅಂತ ಸ್ಥಳದಲ್ಲೇ ಬರೆಯುವ ದಾಖಲೆ) ಪ್ರತಿ ಕೈಯಲ್ಲಿದೆಯಾ?

ಪೊಲೀಸರು ವಾರಂಟ್ ಇಲ್ಲದೆ ಮೈಸೂರಿನ ನಿಮ್ಮ ಬಾಡಿಗೆ ಮನೆಗೆ ನುಗ್ಗಿ ಲ್ಯಾಪ್‌ಟಾಪ್ ಒಯ್ದರು, ಇದು ಸಂವಿಧಾನಕ್ಕೆ ವಿರುದ್ಧ, ಹಾಗಾಗಿ ಕೇಸೇ ಬಿದ್ದುಹೋಗುತ್ತದೆ ಅಲ್ವಾ ಅಂತ ಕೇಳಿದ್ದೀರಿ. ಇದೇ ಮಾತನ್ನು ನಾನೂ ಮಂಡ್ಯದಲ್ಲಿ ನನ್ನ ಅಂಗಡಿ ಬಾಗಿಲಲ್ಲಿ ನಿಂತು ಕೂಗಿ ಹೇಳಿದ್ದೆ.

ನನ್ನದು ನೂರಡಿ ರಸ್ತೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ. ಕದ್ದ ಫೋನೊಂದು ನನ್ನ ಹತ್ತಿರ ಬಂದಿದೆ ಅಂತ ಯಾರೋ ಹೇಳಿಕೆ ಕೊಟ್ಟಿದ್ದರಂತೆ. ಸಂಜೆ ಗಿರಾಕಿಗಳು ತುಂಬಿರುವ ಹೊತ್ತಿಗೆ ಪೊಲೀಸರು ಬಂದರು. "ವಾರಂಟ್ ತೋರಿಸಿ" ಅಂದೆ. ಜಗಳ ಅಲ್ಲೇ ಶುರುವಾಯಿತು. ಕೂಗಾಡಿ ಕೂಗಾಡಿ ಸುಸ್ತಾದ ಮೇಲೆ ಮಹಜರು ಬರೆದು ಮುಂದಿಟ್ಟರು. ಇವರು ಹೋದರೆ ಸಾಕಪ್ಪಾ ಅನ್ನಿಸಿತ್ತು. ಓದದೆ ಸಹಿ ಹಾಕಿದೆ, ಪ್ರತಿಯನ್ನೂ ಕೇಳಲಿಲ್ಲ.

ನನ್ನನ್ನು ಮುಳುಗಿಸಿದ್ದು ಆ ಸಹಿ. ಆಮೇಲೆ ವಕೀಲರು ಮಹಜರು ತರಿಸಿ ಓದಿದಾಗ ಅದರಲ್ಲಿ ಇದ್ದದ್ದು ಇಷ್ಟೇ: ಬೇರೆ ಬೇರೆ ಕಂಪನಿಯ ಹಳೆಯ ಮೊಬೈಲುಗಳು, ಒಂದು ಲ್ಯಾಪ್‌ಟಾಪ್. ಪ್ರತಿ ಫೋನಿಗೂ ಬೇರೆಯಾಗಿರುವ ಐಎಂಇಐ ನಂಬರ್ ಇಲ್ಲ, ಬಣ್ಣ ಇಲ್ಲ, ಒಡೆದ ಸ್ಕ್ರೀನಿನ ಗುರುತಿಲ್ಲ. ಪ್ರತಿ ಫೋನಿನ ಬೆನ್ನಿಗೂ ನಾನು ಗಿರಾಕಿಯ ಹೆಸರು ಬರೆದು ಬಿಳಿ ಚೀಟಿ ಅಂಟಿಸಿದ್ದೆ, ಅದರ ಸುದ್ದಿಯೇ ಇಲ್ಲ. ನನ್ನ ಹಾರ್ಡ್ ಡಿಸ್ಕ್ ಪಟ್ಟಿಯಲ್ಲೇ ಇಲ್ಲ. ಪಂಚರು, ಅಂದರೆ ಶೋಧಕ್ಕೆ ಸಾಕ್ಷಿಯಾಗಿ ನಿಲ್ಲುವವರು, ಇಬ್ಬರೂ ಪೊಲೀಸರ ಜೊತೆಗೇ ಬಂದವರು, ಪಕ್ಕದ ಅಂಗಡಿಯವರನ್ನು ಕರೆದೇ ಇರಲಿಲ್ಲ. ಇದನ್ನೆಲ್ಲ ಆವತ್ತೇ ಹೇಳಿ ಬರೆಸಬೇಕಿತ್ತು. ಸಾಮಾನು ಬಿಡಿಸಿಕೊಳ್ಳಲು ಕೋರ್ಟಿಗೆ ಹೋದಾಗ ಯಾವ ಫೋನು ಯಾರದ್ದು ಅಂತ ತೋರಿಸಲು ನನ್ನ ಹತ್ತಿರ ಕಾಗದವೇ ಇರಲಿಲ್ಲ. ಗಿರಾಕಿಗಳಿಗೆ ಕೈಯಿಂದ ದುಡ್ಡು ಕೊಟ್ಟೆ. ಹಾರ್ಡ್ ಡಿಸ್ಕ್ ಇವತ್ತಿಗೂ ಬಂದಿಲ್ಲ. ಪಟ್ಟಿಯಲ್ಲೇ ಇಲ್ಲದ್ದನ್ನು ಯಾರ ಹತ್ತಿರ ಕೇಳೋದು?

ಈಗ ನಿಮ್ಮ ಪ್ರಶ್ನೆ. ನೀವು ಹೇಳುತ್ತಿರುವ ಕಾನೂನು ಅಮೆರಿಕದ್ದು. ಅಲ್ಲಿ ಸಕಾರಣವಿಲ್ಲದ ಶೋಧ, ಜಪ್ತಿಯನ್ನು ತಡೆಯುವ ಸಂವಿಧಾನದ ನಾಲ್ಕನೇ ತಿದ್ದುಪಡಿ ಇದೆ, ತಪ್ಪು ದಾರಿಯಲ್ಲಿ ಸಿಕ್ಕ ಸಾಕ್ಷ್ಯವನ್ನು ಕೋರ್ಟು ಹೊರಗಿಡುವ ರೂಢಿ ಇದೆ. ನಮ್ಮ ಸಂವಿಧಾನದಲ್ಲಿ ಅಂಥ ವಿಧಿ ಇಲ್ಲ ಅಂತ ಸುಪ್ರೀಂ ಕೋರ್ಟಿನ ಎಂಟು ನ್ಯಾಯಮೂರ್ತಿಗಳ ಪೀಠ 1954ರಲ್ಲೇ ಎಂ.ಪಿ. ಶರ್ಮಾ ಪ್ರಕರಣದಲ್ಲಿ ಹೇಳಿತ್ತು. ಅದೇ ಕೋರ್ಟಿನ 1973ರ ಪೂರಣ್ ಮಲ್ ತೀರ್ಪಿನ ಪ್ರಕಾರ ಶೋಧ ಕ್ರಮಬದ್ಧವಾಗಿರಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಸಾಕ್ಷ್ಯ ಬಿದ್ದುಹೋಗುವುದಿಲ್ಲ. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು ನಿಜ. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರೇ. ಅದು ದೊಡ್ಡ ಆಸರೆ, ಆದರೆ ಅದರಿಂದ ಕೇಸು ತಾನಾಗಿ ಬಿದ್ದುಹೋಗುತ್ತದೆ ಅಂತ ಕಾಯುತ್ತಾ ಕೂರಬೇಡಿ.

ವಾರಂಟ್ ಇಲ್ಲದೆಯೂ ಪೊಲೀಸರು ಬರಬಹುದು. ಆಗ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 165ನೇ ಕಲಂ, ಈಗ 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 185. ತಡವಾದರೆ ವಸ್ತು ಕೈಗೆ ಸಿಗುವುದಿಲ್ಲ ಅನ್ನಿಸಿದರೆ ಅಧಿಕಾರಿ ಅದಕ್ಕೆ ಕಾರಣವನ್ನೂ, ಏನು ಹುಡುಕುತ್ತಿದ್ದೇನೆ ಅನ್ನುವುದನ್ನೂ ಮೊದಲೇ ಬರೆದಿಟ್ಟು ಶೋಧಿಸಬಹುದು. ಆ ಬರಹದ ಪ್ರತಿ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಅರ್ಜಿ ಹಾಕಿದರೆ ಮನೆಯಲ್ಲಿ ವಾಸವಿರುವ ನಿಮಗೂ ಅದು ಪುಕ್ಕಟೆ ಸಿಗುತ್ತದೆ. ಬಾಗಿಲಿಗೆ ಅಡ್ಡ ನಿಂತರೆ ಮಾತ್ರ ಕರ್ತವ್ಯಕ್ಕೆ ಅಡ್ಡಿ ಅಂತ ಇನ್ನೊಂದು ಕೇಸು ಮೈಮೇಲೆ ಬರುತ್ತದೆ.

ನಾನಾದರೆ ಈಗ ಪೂರ್ತಿ ಗಮನವನ್ನು ಅದೇ ಹೊಸ ಕಾನೂನಿನ 103 ಮತ್ತು 105ನೇ ಕಲಂಗಳ ಮೇಲೆ ಇಡುತ್ತೇನೆ. ಶೋಧದ ಹೊತ್ತಿಗೆ ನೀವು ಅಲ್ಲೇ ಇರಬಹುದು. ಅದೇ ಊರುಕೇರಿಯ, ಯಾರ ಪರವೂ ಅಲ್ಲದ ಕನಿಷ್ಠ ಇಬ್ಬರು ಪಂಚರು ಬೇಕು. ಜಪ್ತಿ ಪಟ್ಟಿಯ ಪ್ರತಿ ನಿಮಗೆ ಕೊಡಲೇಬೇಕು. ಹೊಸ ಕಾನೂನಿನಲ್ಲಿ ಶೋಧವನ್ನೂ ಪಟ್ಟಿ ಬರೆಯುವುದನ್ನೂ ವಿಡಿಯೋ ಮಾಡಿ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಆವತ್ತು ನನ್ನ ಅಂಗಡಿಯಲ್ಲಿ ವಿಡಿಯೋ ಆಗಿದ್ದಿದ್ದರೆ ಆ ಬಿಳಿ ಚೀಟಿಗಳೆಲ್ಲ ಅದರಲ್ಲಿ ಕಾಣುತ್ತಿದ್ದವು.

ನಾಳೆಯೇ ವಕೀಲರನ್ನು ನೋಡಿ. ದುಡ್ಡಿನ ತೊಂದರೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮೂರು ಅರ್ಜಿ ಹಾಕಿಸಿ: 185ರ ಬರಹದ ಪ್ರತಿಗೆ, ವಿಡಿಯೋ ತರಿಸಿ ನೋಡಲು, ಲ್ಯಾಪ್‌ಟಾಪ್ ಮಧ್ಯಂತರವಾಗಿ ಬಿಡಿಸಿಕೊಳ್ಳಲು. ಮೂರನೆಯದಕ್ಕೆ 497 ಅಥವಾ 503ನೇ ಕಲಂ, ವಸ್ತು ಕೋರ್ಟಿಗೆ ಬಂದಿದೆಯಾ ಅನ್ನುವುದರ ಮೇಲೆ ಅದು ನಿಂತಿದೆ. ಲ್ಯಾಪ್‌ಟಾಪಿನ ಬಿಲ್ಲು, ಸೀರಿಯಲ್ ನಂಬರ್ ಇರುವ ಡಬ್ಬ ಹುಡುಕಿಟ್ಟುಕೊಳ್ಳಿ. ಪಟ್ಟಿಯಲ್ಲಿ ನಂಬರ್ ಬಿಟ್ಟುಹೋಗಿದ್ದರೆ ಅದನ್ನೂ ಅರ್ಜಿಯಲ್ಲೇ ಬರೆಸಿ.